ಸಿಸ್ಟರ್ ಹರಾಜಿನಲ್ಲಿ ಹಿಡಿದ ಮನೆ

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹಾಲಿನವನಿಗೆ, ಕರೆಂಟ್ ಬಿಲ್ಲಿನವನಿಗೆ, ಕೊನೆಗೆ ಅವರ ಸ್ವಂತ ತಮ್ಮನ ಮಗನಿಗೂ ಅವರು ಸಿಸ್ಟರ್. ಸರ್ಕಾರಿ ಆಸ್ಪತ್ರೆಯ ನೌಕರಿಯಿಂದ ನಿವೃತ್ತರಾಗಿ ವರ್ಷಗಳು ಕಳೆದಿದ್ದರೂ ಆ ಕರೆ ಹಾಗೆಯೇ ಉಳಿದಿತ್ತು. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡಾಗ ಬೀದಿಯ ಕಂಬಕ್ಕೆ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿದ್ದರು. ಅದನ್ನು ಓದಿದ ಪಕ್ಕದ ಮನೆಯಾಕೆ, "ಇದೇನು ಟೀಚರ್, ನಮ್ಮ ಸಿಸ್ಟರ್ ಫೋಟೋ ಹಾಕಿ ಬ್ಯಾರೆ ಯಾರ್ದೋ ಹೆಸರು ಬರೆದವ್ರಲ್ಲ?" ಎಂದು ನನ್ನನ್ನು ಕೇಳಿದರು. ನಾನೂ ಇಲ್ಲಿ ಆ ಹೆಸರನ್ನು ಬರೆಯುವುದಿಲ್ಲ. ಬರೆದರೆ ನನಗೇ ಅವರು ಯಾರೋ ಬೇರೆಯವರು ಎನ್ನಿಸುತ್ತದೆ.

ಹೊಸದುರ್ಗದ ಕಡೆಯ ಹಳ್ಳಿ ಶಾಲೆಯಿಂದ ನನಗೆ ಚಿತ್ರದುರ್ಗಕ್ಕೆ ವರ್ಗವಾದಾಗ ನಾನೂ ನನ್ನ ಗಂಡನೂ ಬಾಡಿಗೆ ಮನೆಗಾಗಿ ಬೀದಿ ಬೀದಿ ಅಲೆದಿದ್ದೆವು. ಎಲ್ಲ ಕಡೆಯೂ ಒಂದೇ ಕಥೆ. ಮನೆ ತೋರಿಸುತ್ತಿದ್ದರು, ಅಡುಗೆಮನೆಯ ಕಪಾಟು ತೆರೆದು ತೋರಿಸುತ್ತಿದ್ದರು, ಕಾಫಿ ಕುಡಿಯುತ್ತೀರಾ ಎನ್ನುತ್ತಿದ್ದರು. ಆಮೇಲೆ ನಗುನಗುತ್ತಲೇ, "ನೀವು ಯಾವ ಜನ?" ನಮ್ಮ ಉತ್ತರ ಕೇಳಿದ ಕೂಡಲೇ ಅವರಿಗೆ ಏನೋ ನೆನಪಾಗುತ್ತಿತ್ತು. ಈ ಮನೆಗೆ ನಿನ್ನೆಯೇ ಯಾರೋ ಅಡ್ವಾನ್ಸ್ ಕೊಟ್ಟು ಹೋಗಿದ್ದಾರೆ, ಅಥವಾ ಊರಿನಿಂದ ತಂಗಿ ಬಂದುಬಿಡುತ್ತಾಳೆ. ಕಾಫಿ ಮಾತ್ರ ಬರುತ್ತಿರಲಿಲ್ಲ.

ಸಿಸ್ಟರ್ ಕೇಳಿದ ಪ್ರಶ್ನೆ ಬೇರೆ. "ಬಟ್ಟೆ ದಿನಾ ಒಗೀತೀರಾ, ವಾರಕ್ಕೊಂದ್ಸಲವಾ?"

ಮುಂದೆ ಗೊತ್ತಾಗಿ ರಾದ್ಧಾಂತವಾಗುವುದು ಬೇಡವೆಂದು ನನ್ನ ಗಂಡ ತಾವಾಗಿಯೇ ನಮ್ಮ ಜಾತಿ ಹೇಳಲು ಬಾಯಿ ತೆರೆದರು. ಸಿಸ್ಟರ್ ಕೈ ಅಡ್ಡ ಹಿಡಿದರು. "ಅದು ನಂಗ್ಯಾಕ್ರಿ? ನೀರಿನ ವಿಚಾರ ಹೇಳ್ರಿ. ಈ ಬೀದೀಗೆ ನೀರು ಬರೋದೇ ಯಾವಾಗ್ಲೋ. ಅದು ಬಂದಾಗ ಇಬ್ರೂ ಡ್ಯೂಟಿ ಅಂತ ಹೋದ್ರೆ ಹಿಡಿಯೋರು ಯಾರು?"

ಹೀಗೆ ನಾವು ಅವರ ಮಹಡಿ ಮನೆಗೆ ಬಂದೆವು. ಕೆಳಗೆ ಅವರೊಬ್ಬರೇ ಇದ್ದರು.

ಇಷ್ಟಕ್ಕೇ ಅವರನ್ನು ದೇವತೆ ಎಂದುಕೊಳ್ಳಬಾರದು. ಪ್ರತಿ ಯುಗಾದಿಗೆ ತಪ್ಪದೆ ಬಾಡಿಗೆ ಏರಿಸುತ್ತಿದ್ದರು. ಹೋಳಿಗೆ ಕೊಟ್ಟ ಕೈಯಲ್ಲೇ ಆ ಮಾತನ್ನೂ ಹೇಳಿಬಿಡುತ್ತಿದ್ದರು. ನಾವು ಗೋಡೆಗೆ ಮೊಳೆ ಹೊಡೆದರೆ ಮೊದಲ ಪೆಟ್ಟಿಗೇ ಕೆಳಗಿನಿಂದ ದನಿ ಏಳುತ್ತಿತ್ತು: "ಟೀಚರ್, ಅದು ಯಾವ ಗೋಡೆ?" ಮಳೆ ಬಂದು ನಿಂತ ಮಾರನೆಯ ದಿನ ಅನುಮತಿ ಕೇಳದೆ ಮೇಲೆ ಬಂದು, ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ ಗೋಡೆಗಳಿಗೆಲ್ಲ ಅಂಗೈ ಇಟ್ಟು ತೇವ ಹುಡುಕುತ್ತಿದ್ದರು. "ಮನೆ ಅಂದ್ರೆ ಪೇಷಂಟ್ ಇದ್ದಂಗೆ ಟೀಚರ್. ಬಾಯಿ ಬಿಟ್ಟು ಹೇಳಲ್ಲ. ನಾವೇ ಮುಟ್ಟಿ ನೋಡ್ಬೇಕು."

ಅವರ ತಂದೆ ಹಿರಿಯೂರಿನ ಕಡೆ ಕುರಿ ಸಾಕಿದವರು. ಹೊಲಗಳಲ್ಲಿ ಗೊಬ್ಬರಕ್ಕೆಂದು ಹಿಂಡು ಕೂರಿಸಿ, ಅಲ್ಲೇ ಕಂಬಳಿ ಗೂಡಿನಲ್ಲಿ ಮಲಗಿ, ಮುಂದಿನ ಹೊಲಕ್ಕೆ ಹೋಗುವ ಸಂಸಾರ. "ನಮ್ಮವ್ವ ನನ್ನ ಹೆತ್ತಿದ್ದೂ ಯಾರ್ದೋ ಹೊಲದಾಗೆ" ಎಂದು ಸಿಸ್ಟರ್ ಹೆಮ್ಮೆಯೂ ಇಲ್ಲದೆ, ದುಃಖವೂ ಇಲ್ಲದೆ ಹೇಳುತ್ತಿದ್ದರು. ಸಿರಿಗೆರೆಯಲ್ಲಿ ಓದಿ, ನರ್ಸ್ ತರಬೇತಿ ಮುಗಿಸಿ, ಹೊಳಲ್ಕೆರೆಯಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಮದುವೆಯಾಗದ ಹೆಣ್ಣಿಗೆ ಮನೆ ಕೊಡುವವರು ಸಿಕ್ಕಲಿಲ್ಲ. ಸಿಕ್ಕ ಒಂದು ಕೋಣೆಯ ಮಾಲೀಕ, ಇವರು ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆ ಮಾಡಿಸಿ ಬರುತ್ತಾರೆಂದು ಟ್ರಂಕನ್ನು ಜಗಲಿಗೆ ತಂದು ಇಟ್ಟನಂತೆ. "ಕೂಸು ಟೈಮ್ ಕೇಳ್ಕಂಡು ಬರುತ್ತಾ ಸ್ವಾಮಿ ಅಂದೆ. ನಮ್ಮನೆ ಮರ್ಯಾದೆ ಪ್ರಶ್ನೆ ಅಂದ." ಆಸ್ಪತ್ರೆಯ ಹಾಸಿಗೆ ಬಟ್ಟೆ ಇಡುವ ಕೋಣೆಯಲ್ಲಿ ಕೆಲಕಾಲ ಮಲಗಿದರು. ಸಂಬಳದಲ್ಲಿ ಸೀರೆ ಒಡವೆ ಎನ್ನದೆ ಮನೆ ಎಂದು ಹಟ ಹಿಡಿದದ್ದು ಆಗ. ಚಿತ್ರದುರ್ಗದ ಈ ಮನೆಯನ್ನು ಕೆಳಗಿನದು ಒಮ್ಮೆ, ಮೇಲಿನದು ಇನ್ನೊಮ್ಮೆ ಎಂದು ಜೀವಮಾನವಿಡೀ ಕಟ್ಟಿದರು.

ನಿವೃತ್ತಿಯ ಹಣ ಬಂದಾಗ ಇನ್ನೊಂದು ಮನೆ ಕೊಳ್ಳುವ ಯೋಚನೆ ಬಂತು. ಸುತ್ತಮುತ್ತ ಎಲ್ಲರ ಬಾಯಲ್ಲೂ ಸೈಟಿನ ಮಾತೇ. ಲೇಔಟಿನವನೊಬ್ಬ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಊರಾಚೆ ಕಲ್ಲು ನೆಟ್ಟ ಜಾಗ ತೋರಿಸಿದ. ಅವನು ಫೋನಿನಲ್ಲಿ ಮಾತಾಡುತ್ತಿದ್ದಾಗ ಇವರು ಅಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನ ಹತ್ತಿರ ಹೋಗಿ ವಿಚಾರಿಸಿದರಂತೆ. "ಇದು ಕೆರೆ ಅಂಗಳ ಕಣವ್ವ" ಎಂದನಂತೆ ಅವನು. ಸಿಸ್ಟರ್ ಕಾರು ಹತ್ತದೆ ಬಸ್ಸಿಗೆ ವಾಪಸು ಬಂದರು. "ಒಂದಿನ ಮಳೆ ಬಂದು ಕೆರೆ ತುಂಬ್ತದೆ. ಅವತ್ತು ನಾನು ಆ ಸೈಟು ಇನ್ನೊಬ್ರಿಗೆ ಮಾರಿರ್ತೀನಿ. ಮುಳುಗೋರು ಅವ್ರು. ಬ್ಯಾಡಪ್ಪ." ತಮ್ಮ ಮನೆಯಿಂದ ಯಾರಿಗೂ ಅನ್ಯಾಯವಾಗಬಾರದು, ತಮಗೂ ಆಗಬಾರದು, ಇವೆರಡನ್ನೂ ಒಟ್ಟಿಗೆ ನಡೆಸಬಹುದು ಎಂದು ಅವರು ನಂಬಿದ್ದರು. ಎಚ್ಚರವಿದ್ದರೆ ಸಾಕು ಎನ್ನುತ್ತಿದ್ದರು. ಅವರಷ್ಟು ಎಚ್ಚರದ ಹೆಂಗಸನ್ನು ನಾನು ಕಂಡಿಲ್ಲ.

ಆ ಎಚ್ಚರವೇ ಅವರನ್ನು ಬ್ಯಾಂಕಿನ ಹರಾಜಿಗೆ ಒಯ್ದಿತು. ಸಾಲ ತೀರಿಸದವರ ಮನೆಗಳನ್ನು ಬ್ಯಾಂಕಿನವರು ಹರಾಜಿಗೆ ಇಟ್ಟ ಪ್ರಕಟಣೆಗಳನ್ನು ಪತ್ರಿಕೆಯಲ್ಲಿ ಹುಡುಕಿ ಓದತೊಡಗಿದರು. "ಬ್ರೋಕರ್ ಕಾಟ ಇಲ್ಲ, ಸುಳ್ಳು ಪತ್ರ ಇಲ್ಲ. ಬ್ಯಾಂಕಿನೋರು ಎಲ್ಲಾ ನೋಡಿರ್ತಾರೆ." ಹಿರಿಯೂರಿನ ಒಂದು ಮನೆಯ ಪ್ರಕಟಣೆ ಬಂದಾಗ ಹೋಗಿ ನೋಡಿ ಬಂದರು. ಬಾಗಿಲಿಗೆ ಬೀಗ ಬಿದ್ದಿತ್ತು, ಗೋಡೆಯ ಮೇಲೆ ಬ್ಯಾಂಕಿನ ನೋಟಿಸು ಇತ್ತು. ಹೊರಗಿನಿಂದಲೇ ಗೋಡೆ ಬಡಿದು, ಕಿಟಕಿಯ ಮರ ಉಗುರಿನಿಂದ ಗೀರಿ ನೋಡಿ, ಗಟ್ಟಿ ಮನೆ ಎಂದು ತೀರ್ಮಾನಿಸಿದರು. ಒಳಗೆ ಯಾರಾದರೂ ಇದ್ದಾರೆಯೇ ಎಂದು ಬ್ಯಾಂಕಿನ ಅಧಿಕಾರಿಯನ್ನು ಕೇಳಿದ್ದೂ ಉಂಟು. "ಸಾಂಕೇತಿಕ ಸ್ವಾಧೀನ ನಮ್ಮದೇ ಐತೆ ಮೇಡಂ" ಎಂದರಂತೆ ಅವರು. ಸ್ವಾಧೀನ ಎನ್ನುವ ಮಾತು ಇವರಿಗೆ ಸಾಕಾಯಿತು. ಸಾಂಕೇತಿಕ ಎಂದರೆ ಕಾಗದದ ಮೇಲೆ ಮಾತ್ರ ಎಂಬುದು ತಿಳಿದದ್ದು ಆಮೇಲೆ.

ಹರಾಜಿನಲ್ಲಿ ಮನೆ ಅವರಿಗೇ ಆಯಿತು. ನೋಂದಣಿಯೂ ಆಯಿತು. ಒಂದು ಭಾನುವಾರ ಬೀಗ ಒಡೆಸಿ ಹಾಲು ಉಕ್ಕಿಸಿ ಬರೋಣವೆಂದು ನನ್ನನ್ನೂ ಕರೆದುಕೊಂಡು ಹಿರಿಯೂರಿಗೆ ಹೊರಟರು. ಅವರ ಚೀಲದಲ್ಲಿ ಹೊಸ ಬೀಗ, ಪೊರಕೆ, ಸಣ್ಣ ಪಾತ್ರೆ, ಬಾಟಲಿಯಲ್ಲಿ ಹಾಲು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗುಡ್ಡಗಳ ಮೇಲಿನ ಗಾಳಿಯಂತ್ರ ತೋರಿಸುತ್ತ ಖುಷಿಯಾಗಿದ್ದರು.

ಬಾಗಿಲು ತೆರೆದಿತ್ತು. ಹೊಸ್ತಿಲ ಮುಂದೆ ರಂಗೋಲಿ ಇತ್ತು. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಹೆಂಗಸೊಬ್ಬಳು ಹೊರಗೆ ಬಂದಳು. ಅವಳ ಹೆಸರು ಗಂಗಕ್ಕ ಎಂದು ಆಮೇಲೆ ತಿಳಿಯಿತು.

"ಯಾರು ಬೇಕಾಗಿತ್ರಿ?"

ಸಿಸ್ಟರ್ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ನಾನು... ಈ ಮನೆ ನಾನು ತಗಂಡೀನಿ" ಎಂದರು.

ಗಂಗಕ್ಕ ಅವರನ್ನು ನೋಡಿದಳು, ಚೀಲದಿಂದ ಹೊರಗೆ ಇಣುಕುತ್ತಿದ್ದ ಪೊರಕೆಯನ್ನು ನೋಡಿದಳು. "ಒಳಗೆ ಬರ್ರಿ. ಬಿಸಿಲಾಗೆ ನಿಂತು ಆಡೋ ಮಾತಲ್ಲ ಅದು."

ಒಳಗೆ ಗೋಡೆಯ ಪಕ್ಕ ದೊಡ್ಡ ದೊಡ್ಡ ಪಾತ್ರೆಗಳು ಒಂದರೊಳಗೊಂದು ಕೂತಿದ್ದವು. ಗಂಗಕ್ಕನ ಗಂಡ ಎದ್ದು ಅಂಗಿ ಹಾಕಿಕೊಂಡರು. ಅವರದು ಹಳೆಯ ಹೆದ್ದಾರಿಯ ಪಕ್ಕ ಊಟದ ಹೋಟೆಲು. ಊರಿನ ಹೊರಗೆ ಬೈಪಾಸ್ ಬಂದ ಮೇಲೆ ಲಾರಿ ಬಸ್ಸುಗಳು ಈ ಕಡೆ ಬರುವುದು ನಿಂತಿತ್ತು. ಹೋಟೆಲನ್ನು ಹೊಸದು ಮಾಡಿದರೆ ಜನ ಬರಬಹುದೆಂದು ಮನೆಯ ಮೇಲೆ ಸಾಲ ತೆಗೆದು ಬಣ್ಣ, ಕುರ್ಚಿ, ದೀಪ ಎಲ್ಲ ಮಾಡಿಸಿದ್ದರು. ಜನ ಬರಲಿಲ್ಲ. ಈಗ ಮದುವೆಗಳಿಗೆ ಅಡುಗೆ ಮಾಡಲು ಹೋಗುತ್ತಿದ್ದರು. ಸಿಸ್ಟರ್ ಮನೆ ನೋಡಲು ಬಂದ ದಿನ ಬೀಗ ಬಿದ್ದಿದ್ದೂ ಅದಕ್ಕೇ. ಇಡೀ ಸಂಸಾರ ಯಾವುದೋ ಮದುವೆಯ ಅಡುಗೆಗೆ ಹೋಗಿತ್ತು.

"ನೀವು ಹರಾಜು ಕೂಗಿದ್ದು ತಪ್ಪಲ್ಲ ಬಿಡ್ರಿ" ಎಂದರು ಅವರು. "ನೀವಲ್ದಿದ್ರೆ ಇನ್ನೊಬ್ರು. ಆದ್ರೆ ನಾವು ಎಲ್ಲಿಗೆ ಹೋಗಾಣ ಅಂಬೋದು ನಮಗೂ ಗೊತ್ತಿಲ್ಲ."

ಆಗ ಅವರ ಮಗಳು ಚೊಂಬಿನಲ್ಲಿ ನೀರು ತಂದಳು. ತುಂಬು ಬಸುರಿ, ಚೊಚ್ಚಲು. ಸಿಸ್ಟರ್ ಚೊಂಬು ತೆಗೆದುಕೊಳ್ಳಲು ಕೈ ಚಾಚಿದವರು ಹಾಗೆಯೇ ನಿಂತು ಅವಳ ಪಾದ ನೋಡಿದರು. ಕೆಳಗೆ ಕೂತು ಪಾದದ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೆಯೇ ಇತ್ತು.

"ತಲೆ ನೋಯ್ತದಾ?"

"ಎರಡು ದಿನದಿಂದ ಬಾಳ."

"ಕಣ್ಣು ಮಂಜಾಗ್ತದಾ?"

ಹುಡುಗಿ ತಾಯಿಯ ಮುಖ ನೋಡಿದಳು. ಸಿಸ್ಟರ್ ಎದ್ದು ನಿಂತರು. ಆ ದನಿ ನಾನು ಅದುವರೆಗೆ ಕೇಳಿರಲಿಲ್ಲ. "ಏಳ್ರಿ ಎಲ್ಲಾರೂ. ಆಟೋ ಕರೀರಿ. ಆಸ್ಪತ್ರೆಗೆ ಹೋಗಾಣ, ಈಗ್ಲೇ."

ರಕ್ತದೊತ್ತಡ ವಿಪರೀತ ಏರಿತ್ತು. ಒಂದು ದಿನ ತಡವಾಗಿದ್ದರೆ ತಾಯಿ ಮಗು ಇಬ್ಬರದೂ ಕಷ್ಟವಿತ್ತು ಎಂದರು ಡಾಕ್ಟರು. ಹುಡುಗಿಯನ್ನು ದಾಖಲು ಮಾಡಿ, ಗೊತ್ತಿದ್ದ ನರ್ಸಿಗೆ ಒಪ್ಪಿಸಿ, ನಾವು ಸಂಜೆಯ ಬಸ್ಸು ಹಿಡಿದೆವು. ಚಿತ್ರದುರ್ಗದಲ್ಲಿ ಇಳಿದು ಚೀಲ ತೆರೆದರೆ ಹಾಲು ಒಡೆದುಹೋಗಿತ್ತು. ಸಿಸ್ಟರ್ ಅದನ್ನು ಬಸ್ ನಿಲ್ದಾಣದ ಚರಂಡಿಗೆ ಸುರಿದರು. "ಬಾಣಂತನ ಒಂದು ಮುಗೀಲಿ" ಎಂದರು. "ಆಮೇಲೆ ಖಾಲಿ ಮಾಡ್ತಾರೆ. ಮರ್ಯಾದಸ್ಥರು."

ಅವರು ಮರ್ಯಾದಸ್ಥರೇ. ಗಂಡು ಕೂಸು ಹುಟ್ಟಿದಾಗ ಸಿಸ್ಟರ್‌ಗೆ ಮೊದಲು ಫೋನ್ ಮಾಡಿದರು. ಆದರೆ ಬಾಣಂತನ ಮುಗಿದರೂ ಖಾಲಿ ಮಾಡಲಿಲ್ಲ. ಮನೆ ಹೋಯಿತೆಂದು ತಿಳಿದ ಮೇಲೆ ಅಳಿಯ ಹೆಂಡತಿ ಮಗುವನ್ನು ಕರೆದೊಯ್ಯಲು ಬರುವುದನ್ನೇ ನಿಲ್ಲಿಸಿದ್ದ. ಮಾವನ ಮನೆ ಮುಂದೆ ತನಗೇ ಎಂದು ಅವನು ಲೆಕ್ಕ ಹಾಕಿದ್ದನಂತೆ. ಸಿಸ್ಟರ್ ದಾವಣಗೆರೆಗೆ ಹೋಗಿ ಅವನನ್ನು ಕಂಡು ಮಾತಾಡಿಯೂ ಬಂದರು. "ನೀವ್ಯಾರು ಹೇಳಾಕೆ?" ಎಂದು ಕೇಳಿದನಂತೆ. "ಆ ಮನೆ ತಗಂಡೋಳು ಅಂತ ಹೆಂಗೆ ಹೇಳ್ಲಿ ಟೀಚರ್? ಹುಡುಗಿಗೆ ದೂರದ ಸಂಬಂಧ ಆಗ್ಬೇಕು ಅಂದೆ."

ಇತ್ತ ಅವರ ಉಳಿತಾಯವೆಲ್ಲ ಆ ಗೋಡೆಗಳೊಳಗೆ ಸಿಕ್ಕಿಕೊಂಡಿತ್ತು. ಬಾಡಿಗೆ ಬರುತ್ತದೆಂದು ನಂಬಿದ್ದರು, ಬರಲಿಲ್ಲ. ಮಂಡಿಯ ಶಸ್ತ್ರಚಿಕಿತ್ಸೆಯನ್ನು ಮುಂದೆ ಹಾಕಿದರು. ಮೆಟ್ಟಿಲು ಹತ್ತಿ ನಮ್ಮ ಗೋಡೆ ಮುಟ್ಟಿ ನೋಡುವುದು ನಿಂತುಹೋಯಿತು. ಕೆಳಗಿನಿಂದಲೇ, "ತೇವ ಏನಾರ ಐತಾ ನೋಡ್ರಿ" ಎಂದು ಕೂಗುತ್ತಿದ್ದರು. ಅವರ ತಮ್ಮನ ಮಗನಿಗೆ ಸಿಟ್ಟು ಬಂತು. ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಮನೆ ಖಾಲಿ ಮಾಡಿಸಿಕೊಡಿ ಎಂದು ಬರೆದು ಕೊಡಿಸಿದ. ಅದಕ್ಕೆ ನಾವು ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಿ ಆದೇಶ ತರಬೇಕು, ಕಾಲ ಹಿಡಿಯುತ್ತದೆ ಎಂದರು ಬ್ಯಾಂಕಿನವರು. ತಿಂಗಳುಗಳು ಹೋದವು. ಅದು ಎಲ್ಲೋ ಮಲಗಿದೆ ಎಂದೇ ನಾವು ತಿಳಿದೆವು.

ಒಂದು ದಿನ ಬಿಳಿ ಅಂಗಿಯ ಬ್ರೋಕರ್ ಒಬ್ಬ ಸಿಸ್ಟರ್ ಮನೆ ಹುಡುಕಿಕೊಂಡು ಬಂದ. ನಾನೂ ಕೆಳಗೇ ಇದ್ದೆ. ಹಿರಿಯೂರಿನ ಮನೆಯನ್ನು ಇದ್ದ ಹಾಗೆಯೇ ಕೊಳ್ಳುತ್ತೇನೆ, ಒಳಗಿನವರ ಚಿಂತೆ ನಿಮಗೆ ಬೇಡ ಎಂದ.

"ಹೆಂಗೆ ಖಾಲಿ ಮಾಡಿಸ್ತೀಯಪ್ಪ?" ಎಂದು ಸಿಸ್ಟರ್ ಕೇಳಿದರು.

"ಅದೆಲ್ಲ ನಿಮಗ್ಯಾಕೆ ಸಿಸ್ಟರ್? ನಮ್ಮ ಹುಡುಗ್ರು ಅದಾರೆ."

"ಒಳಗೆ ಹಸುಗೂಸು ಐತೆ."

"ಅದ್ಕೇ ಬೇಗ ಖಾಲಿ ಮಾಡ್ತಾರೆ" ಎಂದ ಅವನು, ನಗುತ್ತ.

ಸಿಸ್ಟರ್ ಅವನಿಗೆ ಕೊಟ್ಟಿದ್ದ ಕಾಫಿ ಲೋಟವನ್ನು ಕೈಯಿಂದ ತೆಗೆದುಕೊಂಡರು. ಅದರಲ್ಲಿ ಅರ್ಧ ಕಾಫಿ ಇನ್ನೂ ಇತ್ತು. ಅವನು ಹೋದ ಮೇಲೆ ಲೋಟ ತೊಳೆದು ಬೋರಲು ಹಾಕಿದರು. ಆಮೇಲೆ, "ಆಸ್ಪತ್ರೆಯಾಗೆ ನಮ್ಮ ಕೈಲಿ ಆಗದೆ ಇದ್ದದ್ದನ್ನ ದೊಡ್ಡಾಸ್ಪತ್ರೆಗೆ ರೆಫರ್ ಮಾಡಿ ಕಳಿಸ್ತಿದ್ವಿ. ಇದನ್ನ ನಾನು ಎಲ್ಲಿಗೆ ಬರೆದು ಕಳಿಸ್ಲಿ ಟೀಚರ್?" ಎಂದರು.

ಅವರಿಗೆ ಒಂದು ದಾರಿ ಹೊಳೆಯಿತು. ಗಂಗಕ್ಕನ ಸಂಸಾರವೇ ಅಲ್ಲಿ ಬಾಡಿಗೆಗೆ ಇದ್ದುಬಿಡಲಿ, ಕೈಲಾದಷ್ಟು ಕೊಡಲಿ. ಕರಾರು ಪತ್ರ ಬರೆಸಿಕೊಂಡು ನಾವಿಬ್ಬರೂ ಮತ್ತೆ ಹಿರಿಯೂರಿಗೆ ಹೋದೆವು. ಸಿಸ್ಟರ್ ನರಳುತ್ತ ಬಸ್ ಹತ್ತಿದರು, ನರಳುತ್ತ ಇಳಿದರು. ಗಂಗಕ್ಕನ ಗಂಡ ಪತ್ರವನ್ನು ಪೂರ್ತಿ ಓದಿ ನೆಲದ ಮೇಲಿಟ್ಟರು.

"ಈ ಅಡಿಪಾಯ ನಾನು ನಿಂತು ತೋಡಿಸೀನಿ. ಆ ಬಾಗಿಲು ಮಾರಿಕಣಿವೆ ಕಡೆಯಿಂದ ಗಾಡಿ ಮೇಲೆ ತರ್ಸಿದ್ದು. ಈಗ ನನ್ನ ಕೈಯಾರ, ನಾನು ಈ ಮನೆ ಬಾಡಿಗೇನು ಅಂತ ಬರ್ಕೊಡ್ಲಾ?"

"ಹೆಸರಿಗೆ ಅಷ್ಟೇ" ಎಂದರು ಸಿಸ್ಟರ್. "ಇರೋರು ನೀವೇ ಅಲ್ವಾ?"

"ಹೆಸರೊಂದೇ ಉಳಿದಿರೋದು ಸಿಸ್ಟರ್."

ಅವರು ಎದ್ದು ಹಿತ್ತಲಿಗೆ ಹೋದರು. ಗಂಗಕ್ಕ ನಮ್ಮನ್ನು ಬೀದಿಯ ತುದಿಯವರೆಗೆ ಬಿಡಲು ಬಂದಳು. ಸಿಸ್ಟರ್ ಕುಂಟುವುದನ್ನು ಕಂಡು ಅವರ ತೋಳು ಹಿಡಿದುಕೊಂಡಿದ್ದಳು. ತುದಿಗೆ ಬಂದಾಗ ತೋಳು ಬಿಟ್ಟು ಹೇಳಿದಳು. "ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನೀವು ಇಷ್ಟು ಒಳ್ಳೇರಾಗಿ ಬರ್ಬ್ಯಾಡ್ರಿ. ಕೆಟ್ಟೋರಾಗಿದ್ರೆ ನಾವು ದಿನಾ ನಿಮ್ಮನ್ನ ಬೈದು ಮನಸು ಹಗುರ ಮಾಡ್ಕಣ್ತಿದ್ವಿ. ನೀವು ಬಂದು ಕೂಸಿನ ತೂಕ ನೋಡಿ ಹೋಗ್ತೀರಿ. ಆಮೇಲೆ ನಾವು ಯಾರನ್ನ ಬೈಯಾಣ?"

ವಾಪಸು ಬರುವಾಗ ಬಸ್ಸಿನಲ್ಲಿ ಸಿಸ್ಟರ್ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ಗಾಳಿ ಹೊಡೆಯುತ್ತಿತ್ತು, ಕಿಟಕಿ ಹಾಕಲೇ ಎಂದು ಕೇಳಿದೆ. ಬೇಡವೆಂದರು.

ಮಲಗಿದೆ ಎಂದುಕೊಂಡಿದ್ದ ಆದೇಶ ಎದ್ದು ಬಂದದ್ದು ಆಮೇಲೆ. ಪೊಲೀಸರ ಜೊತೆ ಹೋಗಿ ಮನೆ ಖಾಲಿ ಮಾಡಿಸಿ ನಿಮ್ಮ ವಶಕ್ಕೆ ಕೊಡುತ್ತೇವೆ ಎಂದು ಬ್ಯಾಂಕಿನಿಂದ ಫೋನು ಬಂತು. ಸಿಸ್ಟರ್ ಆ ಕೂಡಲೇ ಬ್ಯಾಂಕಿಗೆ ಹೋದರು. ನಾನೂ ಶಾಲೆ ಮುಗಿಸಿ ಅಲ್ಲಿಗೇ ಹೋದೆ. ಅಧಿಕಾರಿ ಹೊಸಬರು, ಚಿಕ್ಕ ವಯಸ್ಸು, ಮರ್ಯಾದೆಯಿಂದ ಕುರ್ಚಿ ಹಾಕಿಸಿದರು.

"ನಂಗೆ ಖಾಲಿ ಮಾಡ್ಸೋದು ಬ್ಯಾಡ. ಅರ್ಜಿ ವಾಪಸ್ ತಗತೀನಿ" ಎಂದರು ಸಿಸ್ಟರ್.

"ನಿಮ್ಮ ಪತ್ರ ನಮಗೆ ಬಂದಿದ್ದು ಮೇಡಂ. ಅರ್ಜಿ ಹಾಕಿದ್ದು ಬ್ಯಾಂಕು. ಆದೇಶ ಆಗಿದೆ, ನಾವು ಜಾರಿ ಮಾಡಲೇಬೇಕು. ನಾಳೆ ನೀವೇ, ಮನೆ ಕೊಡಲಿಲ್ಲ ಅಂತ ನಮ್ಮ ಮೇಲೆ ಕೇಸು ಹಾಕಿದ್ರೆ?"

"ಹಾಕಲ್ಲ ಅಂತ ಬರ್ಕೊಡ್ತೀನಿ."

"ಹಾಗೆಲ್ಲ ಆಗಲ್ಲ ಮೇಡಂ." ಆತ ನಿಜವಾಗಿಯೂ ನೊಂದುಕೊಂಡ ಹಾಗೆ ಕಂಡಿತು. "ಕೀ ತಗೊಂಡ ಮೇಲೆ ಮನೆ ನಿಮ್ಮದು. ಬೇಕಾದ್ರೆ ಅವರನ್ನೇ ಮತ್ತೆ ಒಳಗೆ ಇಟ್ಕೊಳ್ಳಿ. ಅದಕ್ಕೆ ನಾವು ಅಡ್ಡ ಬರಲ್ಲ. ಆದ್ರೆ ಒಂದ್ಸಲ ಹೊರಗೆ ಬರಲೇಬೇಕು."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಿಸ್ಟರ್ ಅದನ್ನೇ ಹಿಡಿದುಕೊಂಡರು. ಹಿರಿಯೂರಿಗೆ ಫೋನು ಮಾಡಿ, "ಒಂದೇ ಒಂದು ತಾಸು ಹೊರಗೆ ಬರ್ರಿ, ಅವ್ರು ಹೋದ ಕೂಡ್ಲೇ ಕೀಲಿ ನಿಮ್ಮ ಕೈಗೇ ಕೊಡ್ತೀನಿ" ಎಂದು ಮತ್ತೆ ಮತ್ತೆ ಹೇಳಿದರು. ಅತ್ತ ಕಡೆಯಿಂದ ಏನು ಉತ್ತರ ಬಂತೋ, ಫೋನಿಟ್ಟು ಕನ್ನಡಕ ತೆಗೆದು ಒರೆಸತೊಡಗಿದರು.

ಆ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಬೀದಿಯಲ್ಲಿ ಜೀಪು ನಿಂತಿತ್ತು. ಮಹಿಳಾ ಪೊಲೀಸರು ನೆರಳಿನಲ್ಲಿ ನಿಂತು ಕೂಸನ್ನು ಆಡಿಸುತ್ತಿದ್ದರು. ಅವರಿಗೂ ಈ ಕೆಲಸ ಬೇಕಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಕೂಲಿಯವರು ಒಂದೊಂದೇ ಸಾಮಾನು ಹೊರಗೆ ತಂದರು. ಹಾಸಿಗೆ, ದೇವರ ಫೋಟೋ, ತೊಟ್ಟಿಲು, ಹೋಟೆಲಿನ ದೊಡ್ಡ ಪಾತ್ರೆಗಳು. ಎಲ್ಲ ಮನೆಗಳ ಬಾಗಿಲಲ್ಲೂ ಜನ. ಯಾರೂ ಅಳಲಿಲ್ಲ, ಯಾರೂ ಕೂಗಾಡಲಿಲ್ಲ. ಗಂಗಕ್ಕನ ಗಂಡ ಟೆಂಪೋ ತರಿಸಿದ್ದರು. ಪಾತ್ರೆಗಳನ್ನು ತಾವೇ ಎತ್ತಿ ಕೊಡುತ್ತಿದ್ದರು. ಹಾಗಾದರೆ ಅವರು ಒಂದು ತಾಸಿಗಾಗಿ ಹೊರಗೆ ಬಂದಿರಲಿಲ್ಲ.

ಸಿಸ್ಟರ್ ಎದುರು ಮನೆಯ ಜಗಲಿಯ ಪಕ್ಕ ನಿಂತಿದ್ದರು. ಗಂಗಕ್ಕ ಟೆಂಪೋ ಹತ್ತಬೇಕಾಗಿತ್ತು. ಸೊಂಟದಲ್ಲಿ ಮೊಮ್ಮಗ. ಮಗಳು ಆಗಲೇ ಒಳಗೆ ಸಾಮಾನು ಹಿಡಿದು ಕೂತಿದ್ದಳು, ಗಂಡನ ಎರಡು ಕೈಯಲ್ಲೂ ಹಗ್ಗ. ಗಂಗಕ್ಕ ಸುತ್ತ ನೋಡಿದಳು. ಹತ್ತಿರದಲ್ಲಿ ಕೈ ಖಾಲಿ ಇದ್ದವರು ಸಿಸ್ಟರ್ ಒಬ್ಬರೇ, ಅವರ ಚೀಲವೂ ನನ್ನ ಕೈಯಲ್ಲಿತ್ತು. ಅವರ ಹತ್ತಿರ ಬಂದಳು.

"ಇವನ್ನ ಒಂದಿಷ್ಟು ಹಿಡ್ಕಳ್ರಿ."

ಸಿಸ್ಟರ್ ಹಿಡಿದುಕೊಂಡರು. ಕೂಸು ಅವರ ಕನ್ನಡಕಕ್ಕೆ ಕೈ ಹಾಕಿತು. ಗಂಗಕ್ಕ ಸೀರೆ ಎತ್ತಿ ಕಟ್ಟಿ ಟೆಂಪೋ ಹತ್ತಿದಳು, ಪಾತ್ರೆಗಳ ನಡುವೆ ಜಾಗ ಮಾಡಿಕೊಂಡು ಕೂತಳು, ಎರಡೂ ಕೈ ಚಾಚಿದಳು. "ಕೊಡ್ರಿ." ಸಿಸ್ಟರ್ ಕೂಸನ್ನು ಎತ್ತಿ ಕೊಟ್ಟರು. ಅದೇ ಹೊತ್ತಿಗೆ ಅಧಿಕಾರಿ ಬಂದು ಕೀಲಿಯನ್ನು ಅವರ ಖಾಲಿ ಅಂಗೈಯಲ್ಲಿಟ್ಟು, ಇಲ್ಲಿ ಸಹಿ ಹಾಕಿ ಮೇಡಂ ಎಂದರು. ಟೆಂಪೋ ಹೊರಟಿತು. ಸಿಸ್ಟರ್ ಕೀಲಿ ಹಿಡಿದ ಕೈಯೆತ್ತಿ, "ಗಂಗಕ್ಕ, ಕೀಲಿ!" ಎಂದು ಕೂಗಿದರು. ಮಂಡಿ ಹಿಡಿದುಕೊಂಡಿತ್ತು, ಓಡಲು ಆಗಲಿಲ್ಲ. ನಾನು ಅವರನ್ನು ಬೀಳದಂತೆ ಹಿಡಿದುಕೊಂಡೆ.

ಆ ಸಂಸಾರ ಹೊಳಲ್ಕೆರೆಯಲ್ಲಿ ಒಂದು ಕೋಣೆ ಹಿಡಿದಿದೆ ಎಂದು ತಿಳಿದು ಸಿಸ್ಟರ್ ಅಲ್ಲಿಗೂ ಹೋದರು. ಈ ಸಲ ಒಬ್ಬರೇ ಹೋದರು. ಕೀಲಿಯನ್ನು ಹಾಗೆಯೇ ವಾಪಸು ತಂದರು. "ಏನಂದ್ರು?" ಎಂದು ಕೇಳಿದೆ. "ಊಟ ಮಾಡ್ಕಂಡು ಹೋಗ್ರಿ ಅಂದ್ರು" ಎಂದರು.

ಹಿರಿಯೂರಿನ ಮನೆಗೆ ಆಮೇಲೆ ಬಾಡಿಗೆಗೆ ಯಾರನ್ನೂ ಇಡಲಿಲ್ಲ. ಕೇಳಿಕೊಂಡು ಬಂದವರಿಗೆ ನೀರು ಸರಿಯಿಲ್ಲ, ಗೋಡೆ ತೇವ ಎಂದು ಏನೋ ನೆಪ ಹೇಳಿ ಕಳಿಸುತ್ತಿದ್ದರು. ಗಟ್ಟಿ ಗೋಡೆಯ ಬಗ್ಗೆ ಅವರು ಸುಳ್ಳು ಹೇಳುವುದನ್ನು ನಾನು ಕೇಳಿದ್ದು ಆಗಲೇ. ಮಾರಿ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ನಾವೆಲ್ಲ ಹೇಳಿದೆವು. "ಮಾರಿದ್ರೆ ತಗಳೋನು ಯಾರು? ಆ ಬಿಳಿ ಅಂಗಿಯೋನೇ" ಎನ್ನುತ್ತಿದ್ದರು. ಇದ್ದ ಮನೆಯನ್ನು ಇಟ್ಟುಕೊಂಡು ಅನುಭವಿಸಲಿಲ್ಲ, ಬಿಡಲೂ ಇಲ್ಲ. ನಮಗೆ ಮಾತ್ರ ಆ ವರ್ಷದ ಯುಗಾದಿಗೆ ಬಾಡಿಗೆ ಏರಿಸಿದರು. ನಾವು ಕೇಳಿದಷ್ಟು ಕೊಟ್ಟೆವು. ಅವರಿಗೆ ಔಷಧಿಗೆ ಬೇಕಿತ್ತು.

ಅವರು ಹೋದದ್ದು ಒಂದು ಬೆಳಗ್ಗೆ. ನೀರು ಬಂದಿತ್ತು, ಬಂತು ಹಿಡೀರಿ ಎನ್ನುವ ಅವರ ಎಂದಿನ ಕೂಗು ಕೇಳಲಿಲ್ಲವಲ್ಲ ಎಂದು ನಾನು ಕೆಳಗೆ ಇಳಿದು ನೋಡಿದೆ. ಹೃದಯ ನಿಂತಿತ್ತು. ತಮ್ಮನ ಮಗ ಎಲ್ಲ ಕಾರ್ಯವನ್ನೂ ಚೊಕ್ಕವಾಗಿ ಮಾಡಿದ. ಕೆಲವೇ ದಿನಗಳಲ್ಲಿ ಹಿರಿಯೂರಿನ ಮನೆಯನ್ನು ಮಾರಿದ. ಕೊಂಡವನು ಆ ಬಿಳಿ ಅಂಗಿಯವನೇ. ಅವನು ಅದನ್ನು ಕೆಡವಿಸಿ ಅಂಗಡಿ ಮಳಿಗೆ ಕಟ್ಟಿಸುತ್ತಿದ್ದಾನಂತೆ. ಇದರಲ್ಲಿ ಯಾರೂ ಕಾನೂನು ಮೀರಿಲ್ಲ.

ಮೊನ್ನೆ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಹೊಳಲ್ಕೆರೆಗೆ ಹೋಗಿದ್ದೆ. ಕೈ ತೊಳೆಯಲು ಛತ್ರದ ಹಿಂದೆ ಹೋದರೆ ಒಲೆಗಳ ಮುಂದೆ ಗಂಗಕ್ಕನ ಗಂಡ ನಿಂತಿದ್ದರು. ನನ್ನನ್ನು ಕಂಡು ತಲೆಯಾಡಿಸಿ ಮತ್ತೆ ಸೌಟು ಹಿಡಿದರು. ಗಂಗಕ್ಕ ಎದ್ದು ಬಂದಳು. ಮಗಳನ್ನು ಗಂಡ ಇನ್ನೂ ಕರೆದುಕೊಂಡು ಹೋಗಿಲ್ಲವಂತೆ, ಅವಳು ಈಗ ಹೊಲಿಗೆ ಕಲಿಯುತ್ತಿದ್ದಾಳಂತೆ. ಸಿಸ್ಟರ್ ಹೇಗಿದ್ದಾರೆ ಎಂದು ಕೇಳಿದಳು. ಅವಳಿಗೆ ಗೊತ್ತಿರಲಿಲ್ಲ.

ನಾನು ಹೇಳಿದೆ. ಮನೆ ಕೆಡವಿದ್ದನ್ನು ಹೇಳಬಾರದೆಂದುಕೊಂಡೇ ಹೇಳಿಬಿಟ್ಟೆ. ಅವಳು ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ನೋಡುತ್ತ ನಿಂತಳು.

"ಕಡೀಗೆ ನರಳಿದ್ರಾ?"

"ಇಲ್ಲ. ಮಲಗಿದ್ದಂಗೇ ಹೋದ್ರು."

"ಹಂಗಾ." ಕಟ್ಟಿನಿಂದ ಒಂದು ಹಳದಿ ಎಲೆ ಕಿತ್ತು ಹಾಕಿ ಕೇಳಿದಳು. "ನಮ್ಮ ಹುಡುಗೀನ ಉಳಿಸ್ಕೊಟ್ಟೋರು ಅವ್ರೇ. ನಮ್ಮನ್ನ ಬೀದೀಗೆ ತಂದೋರೂ ಅವ್ರೇ. ಈಗ ನಾನು ಅಳ್ಬೇಕಾ, ಬ್ಯಾಡ್ವಾ ಟೀಚರ್? ನೀವು ಹೇಳ್ರಿ. ನಂಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ."

ಅಷ್ಟರಲ್ಲಿ ಎರಡನೇ ಪಂಕ್ತಿ ಕೂತಾಯ್ತು, ಸಾರು ತನ್ನಿ ಎಂದು ಒಳಗಿನಿಂದ ಯಾರೋ ಕೂಗಿದರು. ಗಂಗಕ್ಕ ಕೊತ್ತಂಬರಿ ಕಟ್ಟನ್ನು ಕೆಳಗಿಟ್ಟು, ಸೆರಗನ್ನು ಎರಡೂ ಕೈಗೆ ಸುತ್ತಿಕೊಂಡು, ಬಿಸಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.